ಸೀಳಿನಲ್ಲಿ ಓಡುವ ಮಾಸೆರಾಟಿ



ಮಾತುಕತೆಯ ಕಾರ್ಯಕ್ರಮ ರೂಪಿಸುವವರಿಗೆ ಒಂದು ಕೊರಗು ಇದ್ದದ್ದೇ. ಅರ್ಧ ಗಂಟೆಯಲ್ಲಿ ಅತಿಥಿಗಳು ಆಡಿದ್ದಕ್ಕಿಂತ ಆಡದೆ ಎದ್ದುಹೋದ ಮಾತೇ ಹೆಚ್ಚು. ಆಟಿಕೆಗಳ ಚರಿತ್ರೆಯನ್ನು ಕುರಿತ ನಮ್ಮ ಮಾತುಕತೆಯಲ್ಲಿ 'ಸ್ಲಾಟ್ ಕಾರು' ಎಂಬ ಹೆಸರು ಒಮ್ಮೆ ಮಾತ್ರ ಸುಳಿದು, ಮುಂದಿನ ಪ್ರಶ್ನೆಯ ಗಡಿಬಿಡಿಯಲ್ಲಿ ಮರೆಯಾಯಿತು. ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನನ್ನ ಕಿವಿ ಮಾತ್ರ ನೆಟ್ಟಗಾಯಿತು. ಅಂಥದೊಂದು ಕಾರನ್ನು ನಾನು ಕೈಯಾರೆ ಕೆಡಿಸಿದವನು. ಆಮೇಲೆ ಅಂಥದೇ ಇನ್ನೊಂದನ್ನು ಕೈಯಾರೆ ಕಟ್ಟಿದವನು. ಪರದೆಯ ಮೇಲೆ ಹೇಳಲು ಆಗದ್ದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಕಾರು ಏನೆಂದು ನೋಡೋಣ. ಹಲಗೆಯ ಮೇಲೆ ಮಾಡಿದ ಒಂದು ಪುಟ್ಟ ರಸ್ತೆಯನ್ನು ಕಲ್ಪಿಸಿಕೊಳ್ಳಿ. ರಸ್ತೆಯ ಉದ್ದಕ್ಕೂ ಸುಮಾರು 3 ಮಿಲಿಮೀಟರ್ ಅಗಲದ ಒಂದು ಸೀಳು. ಸೀಳಿನ ಎರಡೂ ಅಂಚಿಗೆ ಲೋಹದ ಪಟ್ಟಿ. ಒಂದು ಧನ, ಇನ್ನೊಂದು ಋಣ, ನಡುವೆ 12 ವೋಲ್ಟ್. ಕಾರಿನ ಮೂತಿಯ ಅಡಿಯಲ್ಲಿ ಒಂದು ನಾಲಿಗೆ ಇದ್ದು, ಅದು ಸೀಳಿನೊಳಗೆ ಇಳಿದು ಕಾರಿಗೆ ದಾರಿ ತೋರಿಸುತ್ತದೆ. ನಾಲಿಗೆಯ ಎರಡು ಮಗ್ಗುಲಿಗೂ ತಾಮ್ರದ ಎಳೆಗಳನ್ನು ಹೆಣೆದು ಮಾಡಿದ ಮೃದುವಾದ ಪಟ್ಟಿಗಳು. ಅವು ಹಾದಿಯ ಲೋಹವನ್ನು ಸವರುತ್ತ ವಿದ್ಯುತ್ತನ್ನು ಮೋಟಾರಿಗೆ ಮುಟ್ಟಿಸುತ್ತವೆ. ಕಾರಿನಲ್ಲಿ ಬ್ಯಾಟರಿ ಇಲ್ಲ, ತಿರುಗಿಸುವ ಚಕ್ರವಿಲ್ಲ. ಆಡುವವರ ಕೈಯಲ್ಲಿರುವುದು ಒಂದು ಹಿಡಿ, ಅಷ್ಟೇ. ಒತ್ತಿದಷ್ಟು ವೇಗ. ಇಷ್ಟೇ ತಾನೆ ಎನ್ನಬೇಡಿ. ತಿರುವಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ನಾಲಿಗೆ ಸೀಳಿನಿಂದ ಎದ್ದು ಕಾರು ಗೋಡೆಗೆ ಬಡಿಯುತ್ತದೆ. ಕಡಿಮೆ ಒತ್ತಿದಿರೋ, ಪಕ್ಕದ ಸೀಳಿನವರು ಮುಂದೆ ಹೋಗಿರುತ್ತಾರೆ.

ನನ್ನ ಸೋದರಮಾವ 1961ರಿಂದ 1964ರವರೆಗೆ ಎಂಜಿನಿಯರಿಂಗ್ ತರಬೇತಿಗೆಂದು ಇಂಗ್ಲೆಂಡಿನಲ್ಲಿದ್ದರು. ಅಲ್ಲಿನ ಚಳಿಗಾಲದ ಸಂಜೆಗಳಲ್ಲಿ ಹೊತ್ತು ಹೋಗದೆ, ಜೊತೆಯವರೊಬ್ಬರ ಹಿಂದೆ ಊರಿನ ಮಾಡೆಲ್ ಕಾರುಗಳ ಕ್ಲಬ್ಬಿಗೆ ಹೋದವರು ಅಲ್ಲಿಯೇ ಬೆಸುಗೆ ಹಾಕುವುದನ್ನು ಕಲಿತು ಒಂದು ಕಾರು ಕಟ್ಟಿದರು. ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮೈಸೂರಿಗೆ ತಂದರು. ಇಲ್ಲಿ ಅದನ್ನು ಓಡಿಸಲು ಹಾದಿ ಎಲ್ಲಿತ್ತು? ಡಬ್ಬಿ ಐವತ್ತು ವರ್ಷ ಟ್ರಂಕಿನಲ್ಲಿ ಮಲಗಿತು. 2016ರಲ್ಲಿ ಮನೆ ಬದಲಿಸುವಾಗ ಮಾವ ಅದನ್ನು ನನ್ನ ಕೈಗಿತ್ತು, "ನೀನು ಬಿ.ಎಸ್ಸಿ. ಓದಿದವನು, ಇಟ್ಟುಕೋ. ಮೋಟಾರು ಮಾತ್ರ ಬಿಚ್ಚಬೇಡ" ಎಂದರು.

ಕೆಂಪು ಬಣ್ಣದ, ನಾಲ್ಕೂವರೆ ಐದು ಇಂಚು ಉದ್ದದ, ಉದ್ದ ಮೂತಿಯ ಕಾರು ಅದು. ಮೈ ಬಾಲ್ಸಾ ಮರದಿಂದ ಕೆತ್ತಿದ್ದು, ತಳ ಹಿತ್ತಾಳೆಯದು. ಮಾಸೆರಾಟಿ 250ಎಫ್ ಎಂಬ ಇಟಲಿಯ ರೇಸ್ ಕಾರಿನ ಮೂವತ್ತೆರಡನೆಯ ಒಂದು ಪಾಲು.

ಈ ಬಗೆಯ ಕಾರಿನ ಕಥೆಯನ್ನು ಹೆಚ್ಚಿನವರು 1957ರಿಂದ ಆರಂಭಿಸುತ್ತಾರೆ. ಬೇರು ಅದಕ್ಕಿಂತ ಆಳದಲ್ಲಿದೆ. ಆಟಿಕೆ ರೈಲುಗಳಿಗೆ ಹೆಸರಾದ ಅಮೆರಿಕದ ಲಯೊನೆಲ್ ಕಂಪನಿಯು 1912ರ ಕ್ಯಾಟಲಾಗಿನಲ್ಲಿಯೇ ವಿದ್ಯುತ್ತಿನಿಂದ ಓಡುವ ರೇಸ್ ಕಾರುಗಳನ್ನು ತೋರಿಸಿತ್ತು. ಹಾದಿಯಲ್ಲಿ ತೋಡಿದ ಕಾಲುವೆಯೊಳಗೆ ಹುದುಗಿಸಿದ ಹಳಿಯಿಂದ ಅವು ವಿದ್ಯುತ್ ಪಡೆಯುತ್ತಿದ್ದವು. ಆ ಸರಕು ಕೆಲವೇ ವರ್ಷಗಳಲ್ಲಿ ಕ್ಯಾಟಲಾಗಿನಿಂದ ಕಾಣೆಯಾಯಿತು. ಆಮೇಲಿನ ಕಾಲದಲ್ಲಿ ಮಾಡೆಲ್ ಕಾರು ಎಂದರೆ ಕಂಬಕ್ಕೆ ಕಟ್ಟಿದ ತಂತಿಯ ತುದಿಯಲ್ಲಿ ಗಾಣದೆತ್ತಿನಂತೆ ಸುತ್ತುವ, ಪುಟ್ಟ ಎಂಜಿನ್ನಿನ, ಎಣ್ಣೆ ಕಾರುವ ಯಂತ್ರ. ಅದನ್ನು ಹೊರಗೆ ಬಯಲಿನಲ್ಲಿ ಓಡಿಸಬೇಕು. ಅದರ ಸದ್ದಿಗೆ ನೆರೆಹೊರೆಯವರ ಬೈಗುಳ ಬೇರೆ.

ವಿದ್ಯುತ್ತು ಅದನ್ನು ಒಳಮನೆಗೆ ತಂದಿತು. 1950ರ ದಶಕದ ನಡುವೆ ಇಂಗ್ಲೆಂಡಿನ ಸೌತ್‌ಪೋರ್ಟ್ ಎಂಬ ಊರಿನ ಮಾಡೆಲ್ ಎಂಜಿನಿಯರುಗಳ ಸಂಘದವರು ವಿದ್ಯುತ್ ಕಾರುಗಳ ಹಾದಿಯೊಂದನ್ನು ಕೈಯಿಂದಲೇ ಕಟ್ಟಿದರು. ಮಾಡೆಲ್ ರೈಲಿನವರು ಬಳಸುತ್ತಿದ್ದ 12 ವೋಲ್ಟಿನ ಮೋಟಾರು ಆಗಲೇ ಕೈಗೆ ಸಿಗುತ್ತಿತ್ತು. ಆರಂಭದಲ್ಲಿ ಸೀಳು ಇರಲಿಲ್ಲ. ರಸ್ತೆಯ ಮೇಲೆ ಎದ್ದು ನಿಂತ ಹಳಿಯನ್ನು ಕಾರು ತಬ್ಬಿಕೊಂಡು ಓಡುತ್ತಿತ್ತು. ಹಳಿಯೋ ಸೀಳೋ ಎಂಬ ವಾದ ಕ್ಲಬ್ಬುಗಳಲ್ಲಿ ಕೆಲವು ವರ್ಷ ನಡೆದು, ಸೀಳು ಗೆದ್ದಿತು. ಸೀಳು ಕಣ್ಣಿಗೆ ಬೀಳುವುದಿಲ್ಲ. ರಸ್ತೆ ರಸ್ತೆಯಾಗಿಯೇ ಕಾಣುತ್ತದೆ. ಗಮನಿಸಿ, ಇಲ್ಲಿಯವರೆಗೆ ಅಂಗಡಿಯ ಮಾತೇ ಬಂದಿಲ್ಲ. ಕಟ್ಟಿದವನೇ ಓಡಿಸುತ್ತಿದ್ದ, ಕೆಟ್ಟರೆ ಅವನೇ ರಿಪೇರಿ ಮಾಡುತ್ತಿದ್ದ.

ಅಂಗಡಿಯನ್ನು ತಂದವರು ಫ್ರೆಡ್ ಫ್ರಾನ್ಸಿಸ್. ಅವರ ಮಿನಿಮಾಡೆಲ್ಸ್ ಕಂಪನಿ 1952ರಿಂದ 'ಸ್ಕೇಲೆಕ್ಸ್' ಎಂಬ ಹೆಸರಿನಲ್ಲಿ ಕೀಲಿ ಕೊಟ್ಟು ಓಡಿಸುವ ತಗಡಿನ ಕಾರುಗಳನ್ನು ಮಾಡುತ್ತಿತ್ತು. ಅದರಲ್ಲಿ ಕೀಲಿ ಕಾಣಿಸುತ್ತಿರಲಿಲ್ಲ. ಕಾರಿನ ಹೊಟ್ಟೆಯಡಿ ಐದನೆಯ ಚಕ್ರವೊಂದಿದ್ದು, ಕಾರನ್ನು ನೆಲಕ್ಕೆ ಒತ್ತಿ ಹಿಂದಕ್ಕೆಳೆದರೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತಿತ್ತು. ಜಾಣ ಉಪಾಯವೇ, ಆದರೆ ಬಿಟ್ಟ ಮೇಲೆ ಕಾರು ನಿಮ್ಮ ಮಾತು ಕೇಳುವುದಿಲ್ಲ. ಫ್ರಾನ್ಸಿಸ್ ಅದೇ ತಗಡಿನ ಮೈಯೊಳಗೆ ವಿದ್ಯುತ್ ಮೋಟಾರು ಕೂರಿಸಿ, ರಬ್ಬರಿನ ಹಾದಿ ಮಾಡಿ, ಸ್ಕೇಲೆಕ್ಸ್ ಮತ್ತು ಎಲೆಕ್ಟ್ರಿಕ್ ಎರಡನ್ನೂ ಬೆಸೆದು 'ಸ್ಕೇಲೆಕ್ಸ್ಟ್ರಿಕ್' ಎಂದು ಹೆಸರಿಟ್ಟರು. 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಆರಂಭದ ಪೆಟ್ಟಿಗೆಗಳಲ್ಲಿ ವೇಗ ಏರಿಳಿಸುವ ಸೌಕರ್ಯವಿರಲಿಲ್ಲ. ಗುಂಡಿ ಒತ್ತಿದರೆ ಓಟ, ಬಿಟ್ಟರೆ ನಿಲುಗಡೆ. ಆದರೂ ಬೇಡಿಕೆ ಎಷ್ಟಾಯಿತೆಂದರೆ ಪುಟ್ಟ ಕಂಪನಿಗೆ ತಾಳಲಾಗದೆ, 1958ರಲ್ಲಿ ಫ್ರಾನ್ಸಿಸ್ ಅದನ್ನು 'ಟ್ರೈಯಾಂಗ್' ಹೆಸರಿನ ಆಟಿಕೆಗಳ ಲೈನ್ಸ್ ಬ್ರದರ್ಸ್ ಸಂಸ್ಥೆಗೆ ಮಾರಿದರು. ತಗಡು ಹೋಗಿ ಅಚ್ಚಿನ ಪ್ಲಾಸ್ಟಿಕ್ ಬಂತು.

ಫ್ರಾನ್ಸಿಸ್ ಅವರ ಮೊದಲ ಕಾರುಗಳಲ್ಲಿ ಒಂದು ಇದೇ ಮಾಸೆರಾಟಿ 250ಎಫ್. ನಿಜವಾದ 250ಎಫ್ 1954ರಲ್ಲಿ ಹಾದಿಗಿಳಿದದ್ದು. ಎರಡೂವರೆ ಲೀಟರಿನ, ಸಾಲಾಗಿ ಆರು ಸಿಲಿಂಡರುಗಳ ಎಂಜಿನು. ಆಟಿಕೆ ಮೇಳ ನಡೆದ ವರ್ಷವೇ, 1957ರ ಆಗಸ್ಟ್ 4ರಂದು, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ ಈ ಕಾರಿನಲ್ಲಿ ಓಡಿದ ಓಟವನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ. ಆಗ ಅವರಿಗೆ 46 ವರ್ಷ. ಒಂದು ಸುತ್ತೆಂದರೆ ಸುಮಾರು 22.8 ಕಿಲೋಮೀಟರ್, ಅಂಥ 22 ಸುತ್ತು. ಅರ್ಧ ಟ್ಯಾಂಕ್ ಪೆಟ್ರೋಲಿನಿಂದ ಹಗುರಾಗಿ ಹೊರಟು, ನಡುವೆ ನಿಂತು ಟೈರು ಬದಲಿಸುವುದು ಅವರ ಲೆಕ್ಕ. ನಿಂತದ್ದು ಎಣಿಸಿದ್ದಕ್ಕಿಂತ ಹೆಚ್ಚಾಗಿ, ಹಾಥಾರ್ನ್ ಮತ್ತು ಕಾಲಿನ್ಸ್ ಓಡಿಸುತ್ತಿದ್ದ ಎರಡು ಫೆರಾರಿಗಳು ಮುಕ್ಕಾಲು ನಿಮಿಷಕ್ಕೂ ಮೀರಿ ಮುಂದಾದವು. ಆಮೇಲೆ ಫಾಂಜಿಯೊ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿಯುತ್ತ ಬಂದು, ಕೊನೆಯದರ ಹಿಂದಿನ ಸುತ್ತಿನಲ್ಲಿ ಇಬ್ಬರನ್ನೂ ದಾಟಿ, ನಾಲ್ಕು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದರು. ಅವರ ಐದನೆಯ ವಿಶ್ವ ಚಾಂಪಿಯನ್ ಪಟ್ಟ ಅಲ್ಲಿಯೇ ಖಚಿತವಾಯಿತು. ಕ್ಲಬ್ಬಿನ ಯುವಕರೆಲ್ಲ ಕೆಂಪು ಮಾಸೆರಾಟಿಯನ್ನೇ ಏಕೆ ಕೆತ್ತಿದರು ಎಂದು ಮಾವನನ್ನು ಕೇಳಬೇಕಾದ ಅಗತ್ಯ ನನಗೆ ಬೀಳಲಿಲ್ಲ.

ಈಗ ನನ್ನ ತಪ್ಪಿನ ಕಥೆ.

ಈ ಕಾರಿನ ಎದೆಯಲ್ಲಿರುವುದು ಶಾಶ್ವತ ಕಾಂತದ ಡಿ.ಸಿ. ಮೋಟಾರು. ಮಿಕ್ಸಿಯ ಕಾರ್ಬನ್ ಸವೆದು ರಿಪೇರಿಗೆ ಕೊಟ್ಟ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೇ ಇರುತ್ತದೆ. ಅದೇ ಕಾರ್ಬನ್ ಬ್ರಷ್ಷು, ಅದೇ ತಾಮ್ರದ ಕಮ್ಯುಟೇಟರು, ಅದೇ ಸುರುಳಿ ಸುತ್ತಿದ ಆರ್ಮೇಚರು ಇಲ್ಲಿಯೂ ಇವೆ, ಬೆರಳುಗುರಿನ ಗಾತ್ರದಲ್ಲಿ. ಮಿಕ್ಸಿಯಲ್ಲಿ ಹೊರಗಿನ ಕಾಂತವನ್ನು ವಿದ್ಯುತ್ತೇ ಸೃಷ್ಟಿಸುತ್ತದೆ. ಇಲ್ಲಿ ಲೋಹದ ತುಂಡೊಂದು ಹುಟ್ಟಾ ಅಯಸ್ಕಾಂತ. ಮಾವನ ಮೋಟಾರಿನಲ್ಲಿದ್ದದ್ದು ಆಲ್ನಿಕೊ: ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ಮಿಶ್ರಲೋಹ.

ಡಬ್ಬಿ ಕೈಗೆ ಬಂದ ತಿಂಗಳೊಳಗೆ ನಾನು ಮೋಟಾರು ಬಿಚ್ಚಿದೆ. ಐವತ್ತು ವರ್ಷದ ಎಣ್ಣೆ ಅಂಟಾಗಿ ಹಿಡಿದಿತ್ತು. ತೊಳೆಯದೆ ಓಡಿಸುವುದು ಹೇಗೆ ಎಂಬುದು ನನ್ನ ಸಮರ್ಥನೆ. ಆರ್ಮೇಚರನ್ನು ಹೊರಗೆಳೆದು, ತೊಳೆದು, ಒಣಗಿಸಿ, ಮಾರನೆಯ ದಿನ ಮತ್ತೆ ಕೂರಿಸಿದೆ. ಕೈಯಲ್ಲಿ ಹಿಡಿದು 12 ವೋಲ್ಟ್ ಕೊಟ್ಟಾಗ ಮೋಟಾರು ಮೊದಲಿಗಿಂತ ಎತ್ತರದ ಸ್ವರದಲ್ಲಿ ಹಾಡಿತು. ವೇಗ ಹೆಚ್ಚಿತ್ತು! ತೊಳೆದದ್ದರಿಂದ ಸುಧಾರಿಸಿತು ಎಂದು ಹಿಗ್ಗಿದೆ. ಮಗನಿಗೆಂದು ತಂದಿದ್ದ ಪ್ಲಾಸ್ಟಿಕ್ ಹಾದಿಯ ಮೇಲೆ ಇಟ್ಟೆ. ಕಾರು ಕುಂಟುತ್ತ ನಾಲ್ಕು ಅಡಿ ಹೋಯಿತು, ನಿಂತಿತು. ವಾರ್ನಿಷ್ ಬಿಸಿಯಾದ ವಾಸನೆ ಮೂಗಿಗೆ ಬಡಿದಾಗ ಬೆರಳು ತೆಗೆದೆ.

ನಡೆದದ್ದೇನೆಂದರೆ: ಶಾಲೆಯ ಪ್ರಯೋಗಾಲಯದಲ್ಲಿ ಅಯಸ್ಕಾಂತಗಳನ್ನು ಡಬ್ಬಿಯಲ್ಲಿಡುವಾಗ ಧ್ರುವಗಳಿಗೆ ಅಡ್ಡಲಾಗಿ ಮೆದು ಕಬ್ಬಿಣದ ತುಂಡು ಇಡುತ್ತಿದ್ದುದು ನಿಮಗೆ ನೆನಪಿರಬಹುದು. ಅದಕ್ಕೆ ಕೀಪರ್ ಎಂದು ಹೆಸರು. ಕಾಂತದ ಬಲರೇಖೆಗಳಿಗೆ ಕಬ್ಬಿಣದ ಸೇತುವೆ ಬೇಕು; ಅದಿಲ್ಲದಿದ್ದರೆ ಹಳೆಯ ಆಲ್ನಿಕೊ ಕಾಂತ ತನ್ನ ಬಲವನ್ನು ತಾನೇ ತಿಂದುಕೊಳ್ಳುತ್ತದೆ. ಮೋಟಾರಿನಲ್ಲಿ ಆರ್ಮೇಚರಿನ ಕಬ್ಬಿಣವೇ ಆ ಸೇತುವೆ. ನಾನು ಅದನ್ನು ಇಡೀ ರಾತ್ರಿ ಹೊರಗಿಟ್ಟಿದ್ದೆ. ಇನ್ನು ಆ ಎತ್ತರದ ಸ್ವರದ ಗುಟ್ಟು. ತಿರುಗುವ ಮೋಟಾರು ತಾನೂ ಡೈನಮೊದಂತೆ ಎದುರು ವೋಲ್ಟೇಜು ಹುಟ್ಟಿಸುತ್ತದೆ. ಅದು ನಾವು ಕೊಟ್ಟ 12 ವೋಲ್ಟಿಗೆ ಹತ್ತಿರ ಬರುವವರೆಗೂ ವೇಗ ಏರುತ್ತದೆ. ಕಾಂತ ಸೊರಗಿದ್ದರೆ ಅಷ್ಟೇ ವೋಲ್ಟೇಜು ಹುಟ್ಟಿಸಲು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಬರಿಗೈಯಲ್ಲಿ ಅಬ್ಬರ, ಹೊರೆ ಬಿದ್ದರೆ ಬಲವಿಲ್ಲ. ಬಲವಿಲ್ಲದ್ದಕ್ಕೆ ಹೆಚ್ಚು ಕರೆಂಟು, ಹೆಚ್ಚು ಶಾಖ. ಇವೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ಸಂಗತಿಗಳೇ.

ಮಾವನಿಗೆ ಫೋನ್ ಮಾಡಿದೆ.

"ಬಿಚ್ಚಿದೆಯಾ?" ಎಂದರು.

"ಹೌದು ಮಾವ. ತೊಳೆಯೋಣ ಅಂತ..."

"ಕೀಪರ್ ಇಟ್ಟಿದ್ದೆಯಾ?"

ನಾನು ಸುಮ್ಮನಿದ್ದೆ.

"ಸರಿ, ಡಬ್ಬಿಯಲ್ಲಿಡು" ಎಂದು ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿತು. ಆ ಕ್ಲಬ್ಬಿನ ಸಾಧಾರಣ ಸದಸ್ಯನಿಗೂ ಗೊತ್ತಿದ್ದ ಈ ತಿಳಿವಳಿಕೆ ಎಲ್ಲಿ ಹೋಯಿತು? ಉತ್ತರ ಹುಡುಕುತ್ತ ಹೋದಾಗ ಈ ಆಟದ ಉಳಿದರ್ಧ ಚರಿತ್ರೆ ಸಿಕ್ಕಿತು. ಅದು ನಡೆದದ್ದು ಹೆಚ್ಚಾಗಿ ಅಮೆರಿಕದಲ್ಲಿ.

1960ರಲ್ಲಿ ಅಲ್ಲಿನ ಅರೋರಾ ಕಂಪನಿ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಕಾರುಗಳನ್ನು ತಂದಿತು. ಮೊದಲಿನವುಗಳಲ್ಲಿ ಮೋಟಾರೇ ಇರಲಿಲ್ಲ. ಎಲೆಕ್ಟ್ರಿಕ್ ಗಂಟೆಯ ನಾಲಿಗೆಯಂತೆ ಎ.ಸಿ. ವಿದ್ಯುತ್ತಿಗೆ ಕಂಪಿಸುವ ಪಟ್ಟಿಯೊಂದು ಹಲ್ಲಿನ ಚಕ್ರವನ್ನು ತಳ್ಳುತ್ತಿತ್ತು. ಅದೇ ದಶಕದ ನಡುವೆ ಊರೂರಿನಲ್ಲಿ ರೇಸ್ ಹಾಲುಗಳೆದ್ದವು. ಎಂಟು ಸೀಳಿನ ದೊಡ್ಡ ಹಾದಿಗಳು. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಕಾರುಗಳೂ ದೊಡ್ಡದಾಗಿ, 1:24ರ ಪ್ರಮಾಣಕ್ಕೆ ಬಂದವು. ರೆವೆಲ್, ಮೊನೊಗ್ರಾಮ್, ಕಾಕ್ಸ್ ಮುಂತಾದ ಕಂಪನಿಗಳು ಕಿಟ್ಟುಗಳನ್ನು ತಂದವು. ಮೋಟಾರುಗಳಲ್ಲಿ ಬಹುಪಾಲು ಜಪಾನಿನ ಮಾಬುಚಿಯವು. ನಮ್ಮ ಕ್ಯಾಸೆಟ್ ಕಾಲದವರಿಗೆ ಈ ಹೆಸರು ಹೊಸದಲ್ಲ. ಟೇಪ್ ರೆಕಾರ್ಡರ್ ಬಿಚ್ಚಿದ ಹುಡುಗರೆಲ್ಲ ಆ ಹೆಸರನ್ನು ಓದಿದ್ದಾರೆ. ಹಾಲಿನ ತುಂಬ ನೋವಿನ ಮುಲಾಮಿನ ವಾಸನೆ ಇರುತ್ತಿತ್ತಂತೆ. ರಬ್ಬರ್ ಟೈರು ಮೆದುವಾಗಿ ಹಾದಿಗೆ ಅಂಟಲೆಂದು ವಿಂಟರ್‌ಗ್ರೀನ್ ಎಣ್ಣೆ ಸವರುತ್ತಿದ್ದರು. ನಾವು ಮಂಡಿನೋವಿಗೆ ಹಚ್ಚುವ ಮುಲಾಮಿನ ಘಾಟೂ ಅದರದ್ದೇ.

ಆಮೇಲೆ ಶುರುವಾದದ್ದು ವೇಗದ ಹುಚ್ಚು. ಮೋಟಾರಿನ ತಂತಿ ಬಿಚ್ಚಿ, ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿದರೆ ವೇಗ ಏರುತ್ತದೆ, ಕರೆಂಟಿನ ಹಸಿವೂ ಏರುತ್ತದೆ. ತಿರುಗುವ ರಭಸಕ್ಕೆ ತಂತಿ ಕಿತ್ತುಬರದಂತೆ ಎಪಾಕ್ಸಿ ಅಂಟು ಹಾಕಿದರು. ಹೋದ ತಿಂಗಳು ಕೊಂಡ ಮೋಟಾರು ಈ ತಿಂಗಳು ಹಳತಾಯಿತು. ಕಾರಿನ ಮೈ ಕಾರಿನಂತೆ ಕಾಣಬೇಕೆಂಬ ಹಂಗೂ ಹೋಗಿ, ಒಳಗಿನಿಂದ ಬಣ್ಣ ಬಳಿದ ತೆಳು ಪ್ಲಾಸ್ಟಿಕ್ಕಿನ ಚಪ್ಪಟೆ ಚಿಪ್ಪು ಉಳಿಯಿತು. ದಶಕ ಮುಗಿಯುವ ಹೊತ್ತಿಗೆ ಬಹಳಷ್ಟು ಹಾಲುಗಳು ಬಾಗಿಲು ಹಾಕಿದ್ದವು. ಇದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ. ಹೊಸಬನು ಬಂದು ನಿಂತರೆ ಅವನಿಗೆ ಗೆಲ್ಲುವ ಆಸೆಯೇ ಇಲ್ಲವಾದದ್ದು ಮುಖ್ಯ ಕಾರಣವೆಂದು ನನ್ನ ಎಣಿಕೆ. ಇತ್ತ ಮನೆಯೊಳಗಿನ ಪೆಟ್ಟಿಗೆಯ ಕಾರಿನಲ್ಲಿ ಮೋಟಾರು ತಗಡಿನ ಡಬ್ಬಿಯೊಳಗೆ ಸೇರಿಕೊಂಡಿತು. ಕೆಟ್ಟರೆ ಎಸೆ, ಹೊಸದು ಹಾಕು. ನಂತರದ ದಶಕಗಳಲ್ಲಿ ಕಾರಿನ ತಳಕ್ಕೆ ಇನ್ನೊಂದು ಅಯಸ್ಕಾಂತ ಅಂಟಿಸಿದರು; ಅದು ಹಾದಿಯ ಉಕ್ಕಿನ ಪಟ್ಟಿಯನ್ನು ಸೆಳೆದು ಹಿಡಿಯುವುದರಿಂದ ತಿರುವಿನಲ್ಲೂ ಕಾರು ಜಾರದು. 2004ರಲ್ಲಿ ಒಂದೇ ಸೀಳಿನಲ್ಲಿ ಹಲವು ಕಾರು ಓಡಿಸುವ ಡಿಜಿಟಲ್ ಸ್ಕೇಲೆಕ್ಸ್ಟ್ರಿಕ್ ಬಂತು. ಒಳ್ಳೆಯದೇ. ಆದರೆ ಮಾವನ ಕ್ಲಬ್ಬಿನ ವಿದ್ಯೆ ಇಷ್ಟರಲ್ಲಿ ಯಾರಿಗೂ ಬೇಡವಾಗಿತ್ತು. ಇದನ್ನು ಮತ್ತೆ ಬೇಕೆಂದವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಹಿತ್ತಾಳೆ, ಉಕ್ಕಿನ ತಂತಿಗಳಿಂದ 1960ರ ದಶಕದ ರೀತಿಯ ಕಾರುಗಳನ್ನು ಹೊಸದಾಗಿ ಕಟ್ಟತೊಡಗಿದ್ದಾರೆ. ನಾನೂ ಅದೇ ಜಾಡು ಹಿಡಿದೆ. ಮಾವನ ಕಾರನ್ನು ಮುಟ್ಟುವ ಮುನ್ನ ಅಂಥದೇ ಒಂದನ್ನು ಕಟ್ಟಿ ಕಲಿಯುವುದು ಎಂದು ನಿಶ್ಚಯಿಸಿದೆ.

ನಿಜವಾದ 250ಎಫ್‌ನ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಣ ದೂರ ಸುಮಾರು 2.28 ಮೀಟರ್. 32ರಿಂದ ಭಾಗಿಸಿದರೆ 71 ಮಿಲಿಮೀಟರ್. ಹಲಗೆಗೆ ಗ್ರಾಫ್ ಕಾಗದ ಅಂಟಿಸಿ, ಮೊಳೆ ಹೊಡೆದು, ಹಿತ್ತಾಳೆಯ ಪಟ್ಟಿಗಳನ್ನು ಮೊಳೆಗಳ ನಡುವೆ ಸಿಕ್ಕಿಸಿ ಬೆಸುಗೆ ಹಾಕಿದೆ. ಆಕ್ಸಲ್‌ಗೆ ಹಿತ್ತಾಳೆಯ ಕೊಳವೆಯೇ ಬುಷ್. ಹಿತ್ತಾಳೆ ಶಾಖವನ್ನು ಹೀರಿಕೊಂಡು ಓಡಿಸಿಬಿಡುತ್ತದೆ. ರೇಡಿಯೊ ರಿಪೇರಿಯ 25 ವ್ಯಾಟಿನ ಐರನ್ ಸಾಲದು, 60 ವ್ಯಾಟಿನದಾದರೂ ಬೇಕು. ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜದಿದ್ದರೆ ಸೀಸ ಮುತ್ತಿನಂತೆ ಉರುಳಿ ಬೀಳುತ್ತದೆಯೇ ಹೊರತು ಹಿಡಿಯುವುದಿಲ್ಲ. ಆಮ್ಲದ ಫ್ಲಕ್ಸ್ ಬಳಸಿದರೆ ಕೆಲಸ ಮುಗಿದ ಕೂಡಲೇ ಸೋಪಿನ ನೀರಿನಲ್ಲಿ ತೊಳೆಯಿರಿ. ನಾನು ಮರೆತು, ಉಕ್ಕಿನ ಆಕ್ಸಲ್ ಒಂದು ವಾರದಲ್ಲಿ ತುಕ್ಕು ಹಿಡಿಯಿತು.

ನಾಲಿಗೆಯನ್ನು ತಳಕ್ಕೆ ನೇರವಾಗಿ ಬೆಸೆಯಬಾರದು. ಹಿಂದಿನವರು ಅದನ್ನು ಕೀಲಿನ ಮೇಲೆ ತೂಗುವ ತೋಳಿನ ತುದಿಗೆ ಕೂರಿಸುತ್ತಿದ್ದರು. ಕಾರು ಕುಪ್ಪಳಿಸಿದರೂ ತೋಳು ತನ್ನ ಭಾರಕ್ಕೆ ತಾನೇ ಇಳಿದು ಸೀಳಿನಲ್ಲೇ ಉಳಿಯುತ್ತದೆ. ಸರಳ ಉಪಾಯ, ಇದನ್ನು ಮಾವನ ಕಾರಿನಿಂದ ನಕಲು ಮಾಡಿದೆ. ಮಾವನ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ಒಂದೆಡೆ ಎರಡು ಸಲ ಬಿಟ್ಟು ಮತ್ತೆ ಹಾಕಿದ ಗುರುತಿತ್ತು. ಅವರೂ ತಪ್ಪು ಮಾಡಿದ್ದರು ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮೋಟಾರಿನ ವಿಷಯದಲ್ಲಿ ಎರಡು ಎಚ್ಚರಿಕೆ. ಹಳೆಯ ಟೇಪ್ ರೆಕಾರ್ಡರಿನ ಮೋಟಾರು ಬೇಡ. ಹಾಡು ಎಳೆಯದಿರಲೆಂದು ಅದಕ್ಕೆ ವೇಗವನ್ನು ಒಂದೇ ಸಮ ಇಡುವ ಗವರ್ನರ್ ಇರುತ್ತದೆ, ಅದು ನಿಮ್ಮ ಬೆರಳಿನ ಮಾತು ಕೇಳುವುದಿಲ್ಲ. 3 ವೋಲ್ಟಿನ ಅಗ್ಗದ ಆಟಿಕೆ ಮೋಟಾರೂ ಬೇಡ. 12 ವೋಲ್ಟ್ ಕೊಟ್ಟರೆ ಸುಟ್ಟೇಹೋಗುತ್ತದೆ. 12 ವೋಲ್ಟಿಗೆಂದೇ ಸುತ್ತಿದ, ನಿಮಿಷಕ್ಕೆ 18,000 ಸುತ್ತು ತಿರುಗುವ ಸ್ಲಾಟ್ ಕಾರಿನ ಮೋಟಾರನ್ನೇ ತರಿಸಿದೆ. ಪಿನಿಯನ್ನಿಗೆ 9 ಹಲ್ಲು, ಆಕ್ಸಲ್ಲಿನ ಗೇರಿಗೆ 27. ಅಂದರೆ ಚಕ್ರ ನಿಮಿಷಕ್ಕೆ 6,000 ಸುತ್ತು. ಹಿಂಚಕ್ರದ ವ್ಯಾಸ 22 ಮಿಲಿಮೀಟರ್ ಎಂದು ಹಿಡಿದರೆ, ಹೊರೆಯಿಲ್ಲದೆ ಗಂಟೆಗೆ ಸುಮಾರು 25 ಕಿಲೋಮೀಟರ್. 32ರಿಂದ ಗುಣಿಸಿ ನೋಡಿ: 800! ಫಾಂಜಿಯೊ ಅವರ ಕಾರಿಗೆ ಕನಸಿನಲ್ಲೂ ಬಾರದ ವೇಗ. ಈ ಆಟದಲ್ಲಿ ವೇಗದ ಕೊರತೆ ಯಾವತ್ತೂ ಇರಲಿಲ್ಲ, ನಿಲ್ಲಿಸುವುದೇ ಕಷ್ಟ. ಅದಕ್ಕೂ ಹಳಬರಲ್ಲಿ ಉಪಾಯವಿತ್ತು. ಹಿಡಿಯನ್ನು ಪೂರ್ತಿ ಬಿಟ್ಟಾಗ ಹಾದಿಯ ಎರಡೂ ಪಟ್ಟಿಗಳು ಒಂದಕ್ಕೊಂದು ಕೂಡಿಕೊಳ್ಳುವಂತೆ ವೈರಿಂಗ್ ಮಾಡಿದರೆ, ಮೋಟಾರು ಡೈನಮೊ ಆಗಿ ತನ್ನನ್ನು ತಾನೇ ತಡೆಯುತ್ತದೆ.

ಹಾದಿಗೆ 8x4 ಅಡಿಯ ಪ್ಲೈವುಡ್. ನಮ್ಮ ಬಡಗಿ ರೂಟರ್ ಯಂತ್ರದಿಂದ ಎರಡು ಸೀಳು ಕೊರೆದುಕೊಟ್ಟು, "ಸಾರ್, ಇದು ಯಾವ ಅಲ್ಮೇರಾಕ್ಕೆ?" ಎಂದು ಕೇಳಿದ. ಅಂಚಿಗೆ ತಾಮ್ರದ ಅಂಟುಪಟ್ಟಿ. ತಾಮ್ರವನ್ನು ಅಯಸ್ಕಾಂತ ಸೆಳೆಯದಾದ್ದರಿಂದ ಇಲ್ಲಿ ತಳದ ಅಯಸ್ಕಾಂತದ ಮೋಸ ನಡೆಯುವುದಿಲ್ಲ. ನಾಲಿಗೆಯ ಹೆಣೆದ ಪಟ್ಟಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಸುಗೆ ಹೀರಲು ಮಾರುವ ತಾಮ್ರದ ಪಟ್ಟಿಯನ್ನೇ ತಂದೆ. ಅದರಲ್ಲಿ ಫ್ಲಕ್ಸ್ ತುಂಬಿರುತ್ತದೆ, ಸ್ಪಿರಿಟ್ಟಿನಲ್ಲಿ ತೊಳೆದುಕೊಳ್ಳಬೇಕು.

ಕಟ್ಟುವುದಕ್ಕಿಂತ ಕಾಪಾಡುವುದು ಹೆಚ್ಚಿನ ಕೆಲಸ. ಕಾರು ತಡೆದು ತಡೆದು ಓಡಿದರೆ ಮೋಟಾರನ್ನು ಶಂಕಿಸುವ ಮುನ್ನ ಈ ಪಟ್ಟಿಗಳನ್ನು ನೋಡಿ. ಅವು ಕಿಡಿ ಹಾರಿ ಕಪ್ಪಾಗಿರುತ್ತವೆ, ಎಳೆ ಬಿಚ್ಚಿರುತ್ತವೆ. ಅವನ್ನು ಬಾಚಣಿಗೆಯಂತೆ ಹರಡಿ, ತುದಿಯನ್ನು ತುಸು ಕೆಳಗೆ ಬಾಗಿಸಬೇಕು. ಹೆಚ್ಚು ಬಾಗಿಸಿದರೆ ಅವೇ ಮೂತಿಯನ್ನು ಎತ್ತಿಬಿಡುತ್ತವೆ. ಎಣ್ಣೆ ಎಂದರೆ ಹೊಲಿಗೆ ಯಂತ್ರದ ಎಣ್ಣೆ, ಬುಷ್ಷಿಗೊಂದು ಹನಿ, ಅದೂ ಸೂಜಿಯ ತುದಿಯಿಂದ. ಒಂದು ಹನಿ ಹೆಚ್ಚಾಗಿ ಕಮ್ಯುಟೇಟರಿಗೆ ಹರಿದರೆ ಕಾರ್ಬನ್ ಪುಡಿಯೊಡನೆ ಕಲೆತು ಕಪ್ಪು ಕೆಸರಾಗುತ್ತದೆ. ಹೊಸ ಟೈರು ಎಂದೂ ಪೂರ್ತಿ ದುಂಡಗಿರುವುದಿಲ್ಲ. ಮಟ್ಟವಾದ ಹಲಗೆಗೆ ಎಮರಿ ಕಾಗದ ಅಂಟಿಸಿ, ಮೋಟಾರನ್ನು ನಿಧಾನ ಓಡಿಸುತ್ತ ಟೈರನ್ನು ಅದಕ್ಕೆ ತಾಗಿಸಿ ಸವೆಸಬೇಕು. ನನ್ನ ಮಾಸೆರಾಟಿ ಮೊದಲು ತಿರುವಿನಲ್ಲಿ ಕುಣಿಯುತ್ತಿತ್ತು. ಹತ್ತು ನಿಮಿಷದ ಈ ಉಜ್ಜುವಿಕೆಯ ಮೇಲೆ ಹಿಂಭಾಗ ಮೆಲ್ಲನೆ ಹೊರಜಾರಿ, ಮತ್ತೆ ತಾನೇ ನೇರವಾಗತೊಡಗಿತು. ಹಳೆಯ ಚಿತ್ರಸುರುಳಿಗಳಲ್ಲಿ ನಿಜವಾದ 250ಎಫ್ ಜಾರುವ ಹಾಗೆಯೇ.

ಉಳಿದದ್ದು ಮಾವನ ಮೋಟಾರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟಿ.ವಿ. ಕೇಂದ್ರದ ಟೇಪ್ ಸಂಗ್ರಹದಲ್ಲಿ ದಪ್ಪ ಪೆಟ್ಟಿಗೆಯಂಥ ಯಂತ್ರವೊಂದಿತ್ತು. ಟೇಪಿನ ಕಾಂತವನ್ನು ಒಂದೇ ಏಟಿಗೆ ಅಳಿಸುವುದು ಅದರ ಕೆಲಸ. ಕಾಂತ ಅಳಿಸುವ ಯಂತ್ರ ನಮ್ಮಲ್ಲಿತ್ತು, ತುಂಬುವ ಯಂತ್ರ ಇರಲಿಲ್ಲ! ಅದು ಸಿಕ್ಕಿದ್ದು ಧ್ವನಿವಿಭಾಗದ ಗೆಳೆಯರೊಬ್ಬರ ಮೂಲಕ, ಧ್ವನಿವರ್ಧಕ ತಯಾರಿಸುವ ಪುಟ್ಟ ವರ್ಕ್‌ಶಾಪೊಂದರಲ್ಲಿ. ಸ್ಪೀಕರಿನ ಕಾಂತಕ್ಕೆ ಬಲ ತುಂಬಲು ಅಲ್ಲಿ ದೊಡ್ಡ ಕೆಪಾಸಿಟರುಗಳ ಯಂತ್ರವಿದೆ; ಕ್ಷಣಮಾತ್ರ ಭಾರಿ ಕರೆಂಟು ಸುರುಳಿಯಲ್ಲಿ ಹರಿಯುತ್ತದೆ. ಈ ಸಲ ನಾನು ಮೋಟಾರನ್ನು ಬಿಚ್ಚಲಿಲ್ಲ. ಆರ್ಮೇಚರು ಒಳಗಿರುವಂತೆಯೇ, ಧ್ರುವಗಳ ದಿಕ್ಕನ್ನು ದಿಕ್ಸೂಚಿಯಿಂದ ಮೂರು ಸಲ ನೋಡಿ, ಇಟ್ಟೆವು. 'ಠಕ್' ಎಂದಿತು. ಕೈಯಲ್ಲಿ ಓಡಿಸಿದಾಗ ಸ್ವರ ಕೆಳಗಿಳಿದಿತ್ತು. ಅಷ್ಟು ಸಂತೋಷದಿಂದ ಇಳಿದ ಸ್ವರವನ್ನು ನಾನೆಂದೂ ಕೇಳಿರಲಿಲ್ಲ.

ಮಾವ ಮುಂದಿನ ಭಾನುವಾರ ಬಂದರು. ಪ್ಲೈವುಡ್ಡಿನ ಸುತ್ತ ಒಂದು ಸಲ ನಡೆದು, ಬೆಸುಗೆಗಳನ್ನು ನೋಡಿ, ಏನೂ ಹೇಳದೆ ಹಿಡಿ ಕೈಗೆ ತೆಗೆದುಕೊಂಡರು. ಅವರ ಕಾರು ಹೊರಟಿತು. ಎರಡು ಸುತ್ತು ನೆಟ್ಟಗೆ ಬಂದು ಮೂರನೆಯದರಲ್ಲಿ, ಕಿಟಕಿಯ ಕಡೆಯ ತಿರುವಿನಲ್ಲಿ, ಜಾರಿ ಹೊರಗೆ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಮಾವ ಬಗ್ಗಿ ಕಾರನ್ನೆತ್ತಿ, ಹೆಬ್ಬೆರಳಿನಿಂದ ಹಿಂದಿನ ಟೈರು ಒತ್ತಿ ನೋಡಿದರು.

"ರಬ್ಬರ್ ಕಲ್ಲಾಗಿದೆ ಕಣೋ. ಇದನ್ನ ಬದಲಾಯಿಸು."

"ಹಳೇದು ಹಾಗೇ ಇರಲಿ ಅಂತಿದ್ದೆ ಮಾವ."

"ಟೈರು ಸವೆಯೋದಕ್ಕೇ ಇರೋದು. ಬದಲಾಯಿಸು" ಎಂದು ಕಾರನ್ನು ನನ್ನ ಕೈಗಿಟ್ಟರು.

ಹೊಸ ಟೈರು ಹಾಕಿದ್ದೇನೆ. ಹಳೆಯ ಎರಡನ್ನು ಲಕೋಟೆಯಲ್ಲಿಟ್ಟು, ಮೇಲೆ ತಾರೀಕು ಬರೆದು, ಅದೇ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದೇನೆ. ಜೊತೆಗೆ ಒಂದು ಮೆದು ಕಬ್ಬಿಣದ ತುಂಡೂ ಇದೆ.